ತಾಟಿಗೆ ಅಡ್ಡ ಹಿಡಿದ ಕೈ

ಹುಕ್ಕೇರಿ
೧೨ ಜೂನ್ ೨೦೨೪

ತಂಗಿ ದ್ರಾಕ್ಷಾಯಿಣಿಗೆ ಸಿದ್ರಾಯನ ಆಶೀರ್ವಾದಗಳು.

ಇದೇನು, ಅಣ್ಣ ಕಾಗದ ಬರೆಯಲು ಹಿಡಿದ, ಸೋಲಿನಿಂದ ತಲೆ ಕೆಟ್ಟಿತೇ ಎಂದು ನಗಬೇಡ. ಫಲಿತಾಂಶ ಬಂದ ಮರುದಿನ ನಾನು ಫೋನಿನಲ್ಲಿ, "ದಿಲ್ಲಿಯಾಗ ಕುಂತವರಿಗೆ ಹುಕ್ಕೇರಿ ಯಾವ ದಿಕ್ಕಿಗೈತಿ ಅನ್ನೂದ ಗೊತ್ತಿಲ್ಲ" ಅಂದದ್ದನ್ನು ಯಾರೋ ರೆಕಾರ್ಡ್ ಮಾಡಿ ಪಕ್ಷದ ಗ್ರೂಪಿಗೆ ಹಾಕಿದರಲ್ಲ, ಅಂದಿನಿಂದ ಫೋನ್ ಕಂಡರೆ ಚೇಳು ಕಂಡ ಹಾಗಾಗುತ್ತದೆ. ಅಂಚೆಯವನೊಬ್ಬ ಮಾತ್ರ ಇನ್ನೂ ರೆಕಾರ್ಡ್ ಮಾಡುವುದನ್ನು ಕಲಿತಿಲ್ಲ. ಆದ್ದರಿಂದ ಈ ವಿಷಯ ಮುಗಿಯುವ ತನಕ ನಮ್ಮ ಮಾತೆಲ್ಲ ಕಾಗದದಲ್ಲೇ ಇರಲಿ.

ಈ ಲೋಕಸಭೆ ಚುನಾವಣೆಯಲ್ಲಿ ನಮ್ಮ ಪಕ್ಷದ ನೀರಿನ ಕೊಡದ ಗುರುತಿಗೆ ದೇಶದ ತುಂಬ ಈ ಗತಿ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನ ಓಣಿಯ ಬೂತಿನಲ್ಲೇ ಹಿಂದೆ ಬಿದ್ದೆವು. ಒಂದು ಕಡೆ ಕುಳಿತುಕೊಳ್ಳಲು ಆಗುತ್ತಿಲ್ಲ. ಕುರಿ ದೊಡ್ಡಿಗೆ ಹೋಗುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ. ನಿನ್ನ ವೈನಿ ಸತ್ತೆವ್ವ, "ನೀವು ಹಿಂಗ ಅಡ್ಡಾಡಿದ್ರ ಕುರಿ ಸೊರಗತಾವು" ಎಂದು ಬೈದಳು.

ದಿಲ್ಲಿಯಿಂದ ಆದೇಶ ಬಂದದ್ದು ನೋಡಿದೆಯಾ? ರಾಷ್ಟ್ರೀಯ ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದಾರೆ. ಹೊಸಬರನ್ನು ಈ ಸಲ ಮೇಲಿನಿಂದ ಇಳಿಸುವುದಿಲ್ಲವಂತೆ. ಎಲ್ಲ ವಿಭಾಗದ ಅಧ್ಯಕ್ಷರು ದಿಲ್ಲಿಗೆ ಹೋಗಿ ಮತ ಹಾಕಿ ಆರಿಸಬೇಕಂತೆ. ಅದಕ್ಕೂ ಮೊದಲು ಗೋಕಾಕ, ಮೂಡಲಗಿ, ಹುಕ್ಕೇರಿ ಸೇರಿದ ನಮ್ಮ ವಿಭಾಗಕ್ಕೆ ಹೊಸ ಅಧ್ಯಕ್ಷರಾಗಬೇಕು. ಜುಲೈ ೨೧ಕ್ಕೆ ಗೋಕಾಕದಲ್ಲಿ ಪ್ರತಿನಿಧಿಗಳ ಮತದಾನ.

ನೀನು ಯಾಕೆ ನಿಲ್ಲಬಾರದು? ನನಗೆ ಹೊಳೆದದ್ದು ನಿನ್ನ ಹೆಸರೇ. ವಿಚಾರ ಮಾಡಿ ಬರೆ.

ನಾಗರ ಪಂಚಮಿಗೆ ಬರುವುದನ್ನು ಮರೆಯಬೇಡ. ಹೋದ ಸಲ ನೀನು ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿದಾಗ ಸತ್ತೆವ್ವ ಕೈಯ ಮೇಲೆಯೇ ತುಪ್ಪ ಸುರಿದಳಲ್ಲ, ಅದನ್ನು ಇಲ್ಲಿ ಇನ್ನೂ ಹೇಳಿ ನಗುತ್ತಾರೆ.

ನಿನ್ನ ಅಣ್ಣ,
ಸಿದ್ರಾಯ


ಮೂಡಲಗಿ
೧೮ ಜೂನ್ ೨೦೨೪

ಅಣ್ಣಾವ್ರಿಗೆ ಶರಣು ಶರಣಾರ್ಥಿ.

ನಿಮ್ಮ ಕಾಗದ ಬಂದಾಗ ಗಿರಣಿಯಲ್ಲಿ ಜೋಳ ಬೀಸುತ್ತಿದ್ದೆ. ಅಂಚೆಯವನು "ಕೋರ್ಟಿನ ನೋಟೀಸ ಇದ್ದಂಗೈತ್ರಿ ಅಕ್ಕಾರ" ಎಂದು ಹೆದರಿಸಿ ಕೊಟ್ಟ. ಹಿಟ್ಟಿನ ಕೈಯಲ್ಲೇ ಒಡೆದು ಓದಿದೆ.

ಸೋಲಿನ ಬಗ್ಗೆ ಇಲ್ಲಿಯೂ ಸಭೆ ಕರೆದಿದ್ದೆವು. ಬಂದವರು ನಾನು, ಮೈಕಿನವನು ಮತ್ತು ಮಳೆಗೆ ನಿಂತುಕೊಳ್ಳಲು ಬಂದ ಒಬ್ಬರು. ಪ್ರಚಾರದ ಬ್ಯಾನರು ಆಗಲೇ ಎದುರು ಮನೆಯವರ ಬಣವಿಯ ಮೇಲೆ ಹೊದಿಕೆಯಾಗಿದೆ. ಅದರ ಮೇಲಿನ ನಮ್ಮ ನಾಯಕರು ಮಳೆಯಲ್ಲಿ ನೆನೆಯುತ್ತಾ ನಗುತ್ತಿದ್ದಾರೆ.

ಯಾಕೆ ಸೋತೆವು ಎಂದು ದಿಲ್ಲಿಯವರು ಸಮಿತಿ ಮಾಡಿದ್ದಾರಂತೆ. ನನ್ನ ಗಿರಣಿಗೆ ಬಂದು ಒಂದು ವಾರ ಕುಳಿತರೆ ಸಾಕಿತ್ತು. ಹಿಟ್ಟು ಬೀಳುವ ತನಕ ಹೆಂಗಸರು ಸುಳ್ಳು ಹೇಳುವುದಿಲ್ಲ. ಯಾರಿಗೆ ಹಾಕಿದರು, ಯಾಕೆ ಹಾಕಿದರು, ನಮ್ಮವರು ಯಾವ ಓಣಿಗೆ ಕಾಲೇ ಇಡಲಿಲ್ಲ, ಎಲ್ಲ ಹೇಳುತ್ತಾರೆ. ಅಧ್ಯಕ್ಷರಾದವರು ಮೊದಲು ಮಾಡಬೇಕಾದ್ದು ಅದೇ ಅಣ್ಣಾ. ವೇದಿಕೆ ಹಾಕಿಸದೆ, ಮಾಲೆ ಹಾಕಿಸಿಕೊಳ್ಳದೆ, ಒಂದೊಂದು ಊರಿನ ಕಟ್ಟೆಯ ಮೇಲೆ ಕುಳಿತು "ನಮಗ ಯಾಕ ಹಾಕಲಿಲ್ರಿ" ಎಂದು ಕೇಳಬೇಕು. ಬೈದರೆ ಬೈಸಿಕೊಳ್ಳಬೇಕು. ಮೇಲವಂಕಿಯಿಂದ ಶುರು ಮಾಡಿದರೆ ಮಳೆಗಾಲ ಮುಗಿಯುವುದರೊಳಗೆ ಅಂಕಲಗಿ ಮುಟ್ಟಬಹುದು.

ಆದರೆ ಆ ಕೆಲಸಕ್ಕೆ ನಾನು ಒಲ್ಲೆ. ಗಿರಣಿ ಬಿಟ್ಟು ಹೋಗುವುದು ಹೇಗೆ? ಹೆಣ್ಣುಮಗಳು ಮುಂದೆ ನಿಂತರೆ ನಮ್ಮವರೇ ಹಿಂದೆ ನಿಂತು ನಗುತ್ತಾರೆ. ಹಿರಿಯರು ನೀವಿದ್ದೀರಿ. ಪಕ್ಷಕ್ಕೆ ಹೊಸದಾಗಿ ಬಂದ ಗೋಕಾಕದ ಗುತ್ತಿಗೆದಾರ ಲಕ್ಕಪ್ಪ ನಿಲ್ಲುತ್ತಾನೆಂದು ಸುದ್ದಿ. ಅವನಿಗಿಂತ ನೀವು ನಿಲ್ಲುವುದು ಮೇಲು. ನಿಲ್ಲುತ್ತೀರಾ?

ಬೇಗ ಬರೆಯಿರಿ.

ನಿಮ್ಮ ತಂಗಿ,
ದ್ರಾಕ್ಷಾಯಿಣಿ


ಹುಕ್ಕೇರಿ
೨೪ ಜೂನ್ ೨೦೨೪

ತಂಗಿ ದ್ರಾಕ್ಷಾಯಿಣಿಗೆ ಆಶೀರ್ವಾದಗಳು.

ನೀನು ಒಲ್ಲೆ ಎಂದದ್ದು ಓದಿದೆ. ಖರೆ ಇದೆ, ಗಿರಣಿ ನಿಲ್ಲಿಸಿದರೆ ಓಣಿಯವರ ರೊಟ್ಟಿ ನಿಲ್ಲುತ್ತದೆ. ಬೇಡವೆಂದವಳ ಹಿಂದೆ ಬೀಳುವುದು ನನಗೂ ಸರಿ ಕಾಣುವುದಿಲ್ಲ.

ಕಟ್ಟೆ ಕಟ್ಟೆಗೆ ಹೋಗಬೇಕೆಂಬ ನಿನ್ನ ಮಾತು ಬಹಳ ಹಿಡಿಸಿತು. ಯಾರು ಅಧ್ಯಕ್ಷರಾದರೂ ಅದನ್ನು ಮಾಡಲಿ.

ಇನ್ನು ನನ್ನ ಮಾತು. ನಾನಂತೂ ಒಲ್ಲೆ. ಮೊಣಕಾಲು ನೋವು, ಮೇಲಾಗಿ ಆ ರೆಕಾರ್ಡಿನ ಗದ್ದಲ. ಇಷ್ಟು ವರ್ಷ ಸಭೆಗಳಲ್ಲಿ ಬೇರೆಯವರಿಗೆ ಕುರ್ಚಿ ಹಾಕಿದ್ದೇನೆ, ಇನ್ನು ಮೇಲೂ ಹಾಕುತ್ತೇನೆ. ಯಾರಾದರೂ ಬಂದು ಕೇಳಿದರೆ ಆಗ ನೋಡೋಣ ಎಂದರೂ, ಕೇಳುವವರು ಯಾರಿದ್ದಾರೆ?

ಬೇರೆ ವಿಶೇಷವಿಲ್ಲ. ಮೊನ್ನೆ ಪೇಟೆಗೆ ಹೋದಾಗ ಒಂದು ಹೊಸ ಫೋಟೊ ತೆಗೆಸಿದೆ. ಹಳೆಯದರಲ್ಲಿ ಮೀಸೆ ಸರಿಯಾಗಿ ಕಾಣುತ್ತಿರಲಿಲ್ಲ. ಬಿಳಿ ಅಂಗಿಗಳನ್ನು ಇಸ್ತ್ರಿಗೆ ಕೊಟ್ಟಿದ್ದೇನೆ. ಹೊಳೆಗೆ ನೀರು ಬಂದಿದೆ. ಹೇಗೂ ಬಿಡುವಾಗಿದ್ದೇನೆ, ಬೇಗ ಬರೆ.

ಸಿದ್ರಾಯ


ಮೂಡಲಗಿ
೨ ಜುಲೈ ೨೦೨೪

ಅಣ್ಣಾವ್ರಿಗೆ ಶರಣು.

ಉತ್ತರ ತಡವಾಯಿತು. ಕೆಲಸವಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಬರೆಯುವ ಮನಸ್ಸಾಗಲಿಲ್ಲ, ಅಷ್ಟೇ. ಗಿರಣಿಯ ಪಟ್ಟಾ ಎರಡು ಸಲ ಕಳಚಿತು, ಹಿಟ್ಟು ತರಿತರಿ ಬಿತ್ತು, ಬಂದವರ ಮೇಲೆಲ್ಲ ಸಿಡುಕಿದೆ.

ಲಕ್ಕಪ್ಪ ಬಂದಿದ್ದ. ಕುಳಿತುಕೊಳ್ಳಿ ಎಂದರೆ ಕುಳಿತ, ಚಹಾ ಕುಡಿಯುತ್ತೀರಾ ಎಂದರೆ ಹೂಂ ಎಂದ. ನಂತರ ಸುತ್ತು ಬಳಸದೆ ಕೇಳಿದ. "ನನಗ ಅಧ್ಯಕ್ಷ ಆಗಬೇಕಾಗೇತ್ರಿ ಅಕ್ಕಾರ. ನಿಮ್ಮ ಮತ ನನಗ ಬೇಕು. ಕೊಡ್ತೀರೋ ಇಲ್ಲೋ, ಈಗ ಹೇಳಿಬಿಡ್ರಿ."

ನಮ್ಮ ಪಕ್ಷದಲ್ಲಿ ಇಷ್ಟು ವರ್ಷಗಳಲ್ಲಿ ಯಾರೂ ಹೀಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ನಾಚಿಕೆಯಿಲ್ಲದವನು ಎನಿಸಿತು. ಮರುಗಳಿಗೆ, ಇವನಿಗೊಬ್ಬನಿಗಾದರೂ ಬೇಕೆಂದು ಹೇಳುವ ಬಾಯಿ ಇದೆಯಲ್ಲ ಎನಿಸಿತು. ನೀವು ಒಲ್ಲೆ ಎಂದು ಬರೆದಿದ್ದೀರಿ. ನಾನು ನಿಲ್ಲುತ್ತಿಲ್ಲ. ಮತ್ತೆ ಯಾರಿಗಾಗಿ ಕಾಯುವುದು? ಅವನು ಬೀರಪ್ಪನ ಗುಡಿಯಿಂದ ಭಂಡಾರದ ಅರಿಶಿನ ತಂದಿದ್ದ. ಅಂಗೈಯಲ್ಲಿ ಹಿಡಿದು ಮಾತು ಕೊಟ್ಟೆ. ಅವನ ಅರ್ಜಿಗೆ ಸೂಚಕಳಾಗಿ ಸಹಿಯನ್ನೂ ಹಾಕಿದೆ.

ವೈನಿಗೆ ಕೇಳಿದೆನೆಂದು ಹೇಳಿ.

ದ್ರಾಕ್ಷಾಯಿಣಿ


ಹುಕ್ಕೇರಿ
೩ ಜುಲೈ ೨೦೨೪

ತಂಗಿ ದ್ರಾಕ್ಷಾಯಿಣಿಗೆ ಆಶೀರ್ವಾದಗಳು.

ನಿನ್ನ ಕಾಗದ ಬರಲಿಲ್ಲ. ಅಂಚೆಯವನ ಹಾದಿ ನೋಡಿ ನೋಡಿ ಸಾಕಾಯಿತು. ಆದರೂ ಸುದ್ದಿ ಸಂತೋಷದ್ದೇ ಇದೆ.

ಮೊನ್ನೆ ಇಲ್ಲಿಯ ಹುಡುಗರು ದಂಡಾಗಿ ಮನೆಗೆ ಬಂದರು. "ಮಾಮಾ, ನೀವ ನಿಂದರಬೇಕು, ಇಲ್ಲಂದ್ರ ನಾವು ಬಾಗಿಲ ಬಿಟ್ಟ ಏಳೂದಿಲ್ಲ" ಎಂದು ಹಟ ಹಿಡಿದರು. ಒಲ್ಲೆನೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಒಪ್ಪಿಕೊಂಡೆ. ನಾಳೆ ಗೋಕಾಕಕ್ಕೆ ಹೋಗಿ ಅರ್ಜಿ ಹಾಕುತ್ತೇನೆ. ಮೂಡಲಗಿಯ ಮತಗಳೆಲ್ಲ ನನ್ನ ತಂಗಿಯ ಹಿಂದೆ ಬರುತ್ತವೆ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ಅದರ ಬಗ್ಗೆ ನನಗೆ ಚಿಂತೆಯಿಲ್ಲ.

ದಿಲ್ಲಿಗೆ ಹೋಗುವುದಾದರೆ ಸತ್ತೆವ್ವನೂ ಬರುತ್ತಾಳಂತೆ. ನೀನೂ ಬಾ. ಮೂವರೂ ರೈಲಿನಲ್ಲಿ ಬುತ್ತಿ ಬಿಚ್ಚೋಣ.

ನಿನ್ನ ಅಣ್ಣ,
ಸಿದ್ರಾಯ


ಮೂಡಲಗಿ
೮ ಜುಲೈ ೨೦೨೪

ಅಣ್ಣಾ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ಈ ಹೊತ್ತಿಗೆ ನನ್ನದು ನಿಮಗೆ ಮುಟ್ಟಿರುತ್ತದೆ. ಓದಿ ನಿಮ್ಮ ಮುಖ ಹೇಗಾಗಿರಬಹುದೆಂದು ನೆನೆಯುತ್ತಾ ಈ ಕಾಗದ ಬರೆಯಲು ಕುಳಿತೆ.

ನಾನೇನು ಮಾಡಲಿ? ಭಂಡಾರ ಹಿಡಿದು ಆಡಿದ ಮಾತು ತಿರುಗಬಾರದೆಂದು ನಿಮ್ಮ ಮನೆಯಲ್ಲೇ ಕಲಿತವಳು ನಾನು. ಬೀರಪ್ಪನ ಗುಡಿಯ ಮುಂದೆ ನೀವೇ ಹೇಳಿದ್ದಿರಿ. ಲಕ್ಕಪ್ಪನ ಬಗ್ಗೆ ನನಗೇನೂ ದೊಡ್ಡ ಪ್ರೀತಿಯಿಲ್ಲ. ಆದರೆ ಮಾತು ಕೊಟ್ಟಾಗಿದೆ.

ನೀವು ನಿಲ್ಲುತ್ತೀರೆಂದು ಒಂದು ಸಾಲು ಬರೆದಿದ್ದರೆ ಅವನಿಗೆ ನಾನು ಬರೇ ಚಹಾ ಕೊಟ್ಟು ಕಳಿಸುತ್ತಿದ್ದೆ. ನೀವು ಬರೆದದ್ದು "ನಾನಂತೂ ಒಲ್ಲೆ" ಎಂದು. ಕಾಗದ ಇಲ್ಲೇ ಇದೆ.

ಸಿಟ್ಟಾಗಬೇಡಿ.

ದ್ರಾಕ್ಷಾಯಿಣಿ


ಹುಕ್ಕೇರಿ
೧೧ ಜುಲೈ ೨೦೨೪

ಶ್ರೀಮತಿ ದ್ರಾಕ್ಷಾಯಿಣಿಯವರಿಗೆ,

ನಿಮ್ಮ ಎರಡೂ ಪತ್ರಗಳು ಮುಟ್ಟಿದವು.

ಕಾಗದ ಇಲ್ಲೇ ಇದೆ ಎಂದು ಬರೆದಿದ್ದೀರಿ. ರೆಕಾರ್ಡ್ ಮಾಡುವವರಿಗೆ ಹೆದರಿ ಕಾಗದ ಹಿಡಿದೆ. ಅದೂ ಸಾಕ್ಷಿಗೆ ಬಂದು ನಿಂತಿತು.

ನಾನು ಒಲ್ಲೆ ಎಂದದ್ದು ನಿಜ. ಊಟಕ್ಕೆ ಕುಳಿತವನು ಒಲ್ಲೆ ಎಂದರೆ ನಮ್ಮ ಸೀಮೆಯಲ್ಲಿ ಯಾರಾದರೂ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾರೆಯೇ? ಮೂರು ಸಲ ಕೇಳುತ್ತಾರೆ. ಅಡ್ಡ ಹಿಡಿದ ಕೈ ಸರಿಸಿ ಹಾಕುತ್ತಾರೆ. ಬಾಯಿ ಬಿಟ್ಟು ಬೇಕು ಎಂದರೆ ಹಸಿದು ಬಂದವನೆಂದು ಜನ ಆಡಿಕೊಳ್ಳುತ್ತಾರೆ. ಇದು ನಿಮಗೆ ಗೊತ್ತಿಲ್ಲದ ರೀತಿಯೇ? ಬೇರೆಯವರು ತಿಳಿಯದಿದ್ದರೆ ಬಿಡಬಹುದಿತ್ತು. ನೀವು ತಿಳಿಯಲಿಲ್ಲ.

ಲಕ್ಕಪ್ಪನ ಅರ್ಜಿಗೆ ಸೂಚಕರಾಗಿ ನೀವು ಹಾಕಿದ ಸಹಿಯನ್ನು ಇಲ್ಲಿ ಫೋಟೊ ತೆಗೆದು ಎಲ್ಲರಿಗೂ ತೋರಿಸುತ್ತಿದ್ದಾರೆ. "ತಂಗೀನ ಕೈ ಬಿಟ್ಟಾಳಂದ್ರ ಊರವರೇನ ಹಿಡಿತಾರ" ಎಂದು ನನ್ನ ಮುಖದ ಮುಂದೆಯೇ ಅಂದರು.

ಮಾತು ಉಳಿಸಿಕೊಳ್ಳಿ. ನಾನೇನೂ ಕೇಳುವುದಿಲ್ಲ.

ಸಿದ್ರಾಯ


ಮೂಡಲಗಿ
೧೫ ಜುಲೈ ೨೦೨೪

ಸಿದ್ರಾಯ ಅವರಿಗೆ,

ನೀವು ಬಹುವಚನಕ್ಕೆ ಹತ್ತಿದ್ದು ನೋಡಿ ಗಿರಣಿ ಬಂದ್ ಮಾಡಿ ಕುಳಿತೆ. ಬಹಳ ಅತ್ತೆ. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮೂರು ಸಲ ಕೇಳಬೇಕಿತ್ತು ಎನ್ನುತ್ತೀರಿ. ಸರಿ. ನಾನೂ ಒಲ್ಲೆ ಎಂದಿದ್ದೆ. ನೀವು ಎಷ್ಟು ಸಲ ಕೇಳಿದಿರಿ?

ನಿಮ್ಮ ಮೊದಲ ಕಾಗದ ಬಂದ ದಿನ ನಾನು ಏನು ಮಾಡಿದೆ ಎಂದು ನಿಮಗೆ ಬರೆಯಲಿಲ್ಲ. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದು ದೊಡ್ಡ ದನಿಯಲ್ಲಿ ಭಾಷಣ ಮಾಡಿದೆ. "ಗೋಕಾಕ, ಮೂಡಲಗಿ, ಹುಕ್ಕೇರಿಯ ಬಂಧುಗಳೇ" ಎಂದು ಶುರು ಮಾಡಿ ಒಂದು ಚೀಲ ಜೋಳ ಮುಗಿಯುವ ತನಕ ಮಾತಾಡಿದೆ. ಮೇಲವಂಕಿಯಿಂದ ಅಂಕಲಗಿಯವರೆಗೆ ಎಂದು ಬರೆದೆನಲ್ಲ, ಅದನ್ನು ಸುಮ್ಮನೆ ಬರೆದೆನೇ? ಅಷ್ಟುದ್ದ ಬರೆದು ಕೊನೆಗೆ ಒಲ್ಲೆ ಎಂದರೆ ಏನರ್ಥ? ನೀವು ಮತ್ತೊಮ್ಮೆ ಕೇಳುತ್ತೀರೆಂದು ಕಾದೆ. ನಿಮ್ಮ ಕಾಗದ ಬಂತು, "ಬೇಡವೆಂದವಳ ಹಿಂದೆ ಬೀಳುವುದು ಸರಿ ಕಾಣುವುದಿಲ್ಲ" ಎಂದು. ಇಷ್ಟು ಬೇಗ ಬುಟ್ಟಿ ಎತ್ತಿಕೊಂಡು ಒಳಗೆ ಹೋದವರು ನೀವೇ.

ಗಂಡಸಿನ ಒಲ್ಲೆಗೆ ಮೂರು ಸಲ, ಹೆಂಗಸಿನ ಒಲ್ಲೆಗೆ ಒಂದೇ ಸಲವೋ?

ಇನ್ನೇನೂ ಬರೆಯುವುದಿಲ್ಲ. ೨೧ಕ್ಕೆ ಗೋಕಾಕದಲ್ಲಿ ಮುಖ ನೋಡೋಣ.

ದ್ರಾಕ್ಷಾಯಿಣಿ


ಮೂಡಲಗಿ
೨೪ ಜುಲೈ ೨೦೨೪

ಅಣ್ಣಾ,

ಬರೆಯುವುದಿಲ್ಲ ಎಂದಿದ್ದೆ. ಆದರೂ ಬರೆಯುತ್ತಿದ್ದೇನೆ.

ಸಭಾಭವನದಲ್ಲಿ ನೀವು ಮುಂದಿನ ಸಾಲಿನಲ್ಲಿ ಇಸ್ತ್ರಿಯ ಅಂಗಿ ಹಾಕಿ ಕುಳಿತಿದ್ದಿರಿ. ನಾನು ಹಿಂದೆ ಇದ್ದೆ. ನೀವು ಒಮ್ಮೆಯೂ ತಿರುಗಲಿಲ್ಲ. ಮುಚ್ಚಿದ ಪರದೆಯ ಹಿಂದೆ ಹೋಗಿ ನಾನು ಲಕ್ಕಪ್ಪನ ಹೆಸರಿನ ಮುಂದೆಯೇ ಮುದ್ರೆ ಒತ್ತಿದೆ. ಗುಪ್ತ ಮತದಾನ, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಂಗೈಯ ಹಳದಿ ನನಗೆ ಕಾಣುತ್ತಿತ್ತು. ಇದನ್ನು ನೀವು ಊಹಿಸುತ್ತ ಕೂರುವುದಕ್ಕಿಂತ ನನ್ನಿಂದಲೇ ಕೇಳಿ.

ನೀವು ಏಳು ಮತಗಳಿಂದ ಸೋತಾಗ ನನಗೆ ಗೆದ್ದ ಕಡೆಯವಳೆಂದು ಅನಿಸಲೇ ಇಲ್ಲ. ಹೊರಗೆ ಅವರು ಕರದಂಟು ಹಂಚುತ್ತಿದ್ದರು. ಹಂಚುವವನು ಬಂದು "ತಗೋರಿ ಅಕ್ಕಾರ" ಎಂದ. ಒಲ್ಲೆ ಎಂದೆ. ಅವನು ಸುಮ್ಮನೆ ಮುಂದೆ ಹೋದ. ಅಲ್ಲೇ ಗೋಡೆ ಹಿಡಿದು ನಿಂತುಬಿಟ್ಟೆ ಅಣ್ಣಾ. ನಾನು ನಿಮಗೆ ಮಾಡಿದ್ದು ಇದನ್ನೇ ಎಂದು ಆಗ ತಿಳಿಯಿತು.

ಇನ್ನೊಂದು ಮಾತು ಎದೆಯಲ್ಲಿ ಮುಳ್ಳಿನಂತೆ ಕುಳಿತಿದೆ. ಒಂದು ಚೀಟಿ ಕುಲಗೆಟ್ಟದ್ದೆಂದು ಚುನಾವಣಾಧಿಕಾರಿ ಎತ್ತಿ ಓದಿದರಲ್ಲ, ಯಾವ ಹೆಸರಿಗೂ ಮುದ್ರೆ ಒತ್ತದೆ ಕೆಳಗೆ ಪೆನ್ನಿನಲ್ಲಿ "ದ್ರಾಕ್ಷಾಯಿಣಿ, ಮೂಡಲಗಿ" ಎಂದು ಬರೆದದ್ದು? ಇಡೀ ಭವನ ನಕ್ಕಿತು. ಲಕ್ಕಪ್ಪನೂ ನಕ್ಕ. ನನ್ನನ್ನು ಹೀಗೆ ಚೇಷ್ಟೆ ಮಾಡಿದವರು ಯಾರು? ಹುಕ್ಕೇರಿಯ ನಿಮ್ಮ ಹುಡುಗರೇ ಇರಬೇಕು. ಸೋತ ಸಿಟ್ಟಿಗೆ ಬೈಯಲಿ, ಬೈಸಿಕೊಳ್ಳುತ್ತೇನೆ. ಆದರೆ ಆ ನಗೆ ತಡೆದುಕೊಳ್ಳಲು ಆಗುತ್ತಿಲ್ಲ. ಗಿರಣಿಯ ಸದ್ದಿನಲ್ಲೂ ಕೇಳಿಸುತ್ತದೆ.

ದ್ರಾಕ್ಷಾಯಿಣಿ


ಹುಕ್ಕೇರಿ
೩ ಆಗಸ್ಟ್ ೨೦೨೪

ತಂಗಿ ದ್ರಾಕ್ಷಾಯಿಣಿಗೆ ನಿನ್ನ ಅಣ್ಣನ ಆಶೀರ್ವಾದಗಳು.

ಹೊಳೆ ಏರಿ ರಸ್ತೆ ಬಂದಾಗಿತ್ತು. ನಿನ್ನ ಕಾಗದ ಮುಟ್ಟಲು ತಡವಾಯಿತು. ಮುಟ್ಟಿದ ಮೇಲೂ ಉತ್ತರಕ್ಕೆ ಎರಡು ಸಲ ಕುಳಿತು ಎದ್ದೆ.

ಆ ಚೀಟಿ ಬರೆದವನು ನಾನು.

ಚೇಷ್ಟೆಗೆ ಬರೆದದ್ದಲ್ಲ. ಪರದೆಯ ಹಿಂದೆ ಹೋದೆ. ನನ್ನ ಹೆಸರಿನ ಮುಂದೆ ನಾನೇ ಮುದ್ರೆ ಒತ್ತಲು ಕೈ ಬರಲಿಲ್ಲ. ನಿನ್ನ ಪತ್ರದ ಆ ಮಾತು, ನೀವು ಎಷ್ಟು ಸಲ ಕೇಳಿದಿರಿ ಎಂದದ್ದು, ಅದು ಬಂದ ದಿನದಿಂದ ನನ್ನ ಬೆನ್ನು ಹತ್ತಿತ್ತು. ಎದುರಿಗೆ ಬಂದು ಕೇಳಲು ಸೊಕ್ಕು ಬಿಡಲಿಲ್ಲ. ಚೀಟಿಯಲ್ಲಿ ಕೇಳಿದೆ. ಅದನ್ನು ಗಟ್ಟಿಯಾಗಿ ಓದುತ್ತಾರೆಂದು ಗೊತ್ತಿರಲಿಲ್ಲ. ಜನ ನಕ್ಕಾಗ ಎದ್ದು ನಿಂತು ನಾನೇ ಬರೆದದ್ದು ಎನ್ನಬೇಕಿತ್ತು. ಎನ್ನಲಿಲ್ಲ. ಅದಕ್ಕೇ ತಿರುಗಿಯೂ ನೋಡಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹುಡುಗರ ದಂಡು ಬಾಗಿಲಿಗೆ ಬಂದು ಹಟ ಹಿಡಿಯಿತು ಎಂದಿದ್ದೆನಲ್ಲ, ಯಾವ ದಂಡೂ ಬಂದಿರಲಿಲ್ಲ. ಯಾರಾದರೂ ಬರುತ್ತಾರೆಂದು ದಿನಾ ಅಂಗಿ ಬದಲಿಸಿ ಕಟ್ಟೆಯ ಮೇಲೆ ಕುಳಿತೆ. ಕಡೆಗೆ ಸತ್ತೆವ್ವನೇ, "ಯಾರೂ ಕರಿಯಾಕ ಬರೂದಿಲ್ಲ. ಬೇಕಿದ್ರ ಬೇಕಂತ ಹೋಗ್ರಿ, ಇಲ್ಲಾಂದ್ರ ಕುರಿ ಹೊಡಕೊಂಡ ಹೋಗ್ರಿ" ಎಂದಳು.

ಈಗ ಸುದ್ದಿ ಕೇಳು. ಲಕ್ಕಪ್ಪ ದಿಲ್ಲಿಗೆ ಹೋಗಿ ನಮ್ಮ ನಾಯಕರನ್ನು ಆರಿಸಬೇಕಿತ್ತು. ಅಷ್ಟರೊಳಗೆ ಗೆದ್ದ ಪಕ್ಷದವರ ಶಾಲು ಹೊದ್ದುಕೊಂಡು ಫೋಟೊ ಹಾಕಿದ್ದಾನೆ. ನಮ್ಮ ಅಧ್ಯಕ್ಷನೆಂಬ ಬೆಲೆ ಬಂದ ಮೇಲೆ ಹೋದನೆಂದು ಎಲ್ಲರೂ ಬೈಯುತ್ತಿದ್ದಾರೆ. ನಾನು ಬೈಯಲಿಲ್ಲ. ಅವನಿಗೆ ಬೇಕಾದ್ದನ್ನು ಅವನು ಅಲ್ಲಿಯೂ ಬಾಯಿ ಬಿಟ್ಟು ಕೇಳಿರಬೇಕು. ನಿನ್ನ ಭಂಡಾರದ ಮಾತನ್ನು ನೀನು ನಡೆಸಿದೆ. ಮುರಿದವನು ಅವನು. ನಿನ್ನ ಅಂಗೈ ಈಗ ಚೊಕ್ಕ.

ಆಗಸ್ಟ್ ೧೮ಕ್ಕೆ ಮತ್ತೆ ಮತದಾನವಿದೆ. ಅರ್ಜಿಗೆ ೧೨ ಕೊನೆಯ ದಿನ. ಜೂನಿನಲ್ಲಿ ಕಾಗದದಲ್ಲಿ ಕೇಳಿದೆ. ಜುಲೈಯಲ್ಲಿ ಚೀಟಿಯಲ್ಲಿ ಕೇಳಿದೆ. ಇದು ಮೂರನೆಯ ಸಲ. ನೀನು ನಿಲ್ಲುತ್ತೀಯಾ?

೯ಕ್ಕೆ ಪಂಚಮಿ. ಬರುತ್ತೀಯೋ ಇಲ್ಲವೋ ಎಂದು ಸತ್ತೆವ್ವ ದಿನಾ ಕೇಳುತ್ತಿದ್ದಾಳೆ. ಅವಳಿಗೆ ನಾನು ಏನು ಹೇಳಲಿ?

ನಿನ್ನ ಅಣ್ಣ,
ಸಿದ್ರಾಯ


ಮೂಡಲಗಿ
೬ ಆಗಸ್ಟ್ ೨೦೨೪

ಅಣ್ಣಾವ್ರಿಗೆ ಶರಣು ಶರಣಾರ್ಥಿ.

ನಿಮ್ಮ ಕಾಗದ ಓದಿದಾಗ ಗಿರಣಿಯಲ್ಲಿ ನಾಲ್ಕು ಜನ ಹೆಂಗಸರಿದ್ದರು. ಬಾಯಿಗೆ ಸೆರಗು ಹಿಡಿದು ಅತ್ತೆ. "ಯಾರ ಸತ್ತರ ಅಕ್ಕಾರ" ಎಂದು ಗಾಬರಿಯಾಗಿ ಕೇಳಿದರು. ಯಾರೂ ಸತ್ತಿಲ್ಲ, ನಮ್ಮಣ್ಣ ಚೀಟಿ ಬರೆದಿದ್ದ ಎಂದೆ. ಅವರಿಗೆ ಏನೂ ತಿಳಿಯಲಿಲ್ಲ.

ನನ್ನ ಹೆಸರಿಗೆ ಜನ ನಕ್ಕರಲ್ಲ, ಆ ನಗೆ ನಿಮ್ಮ ಕಾಗದ ಓದಿದ ಮೇಲೂ ಕಿವಿಯಿಂದ ಹೋಗಿಲ್ಲ. ೧೮ಕ್ಕೆ ಮತ್ತೆ ನಕ್ಕರೂ ನಕ್ಕಾರು. ಸೋತರೂ ಸೋತೇನು. ಗೆದ್ದರೆ ದಿಲ್ಲಿಯಲ್ಲಿ ಹಿಂದಿ ಬಾರದೆ ಗೋಡೆಗೆ ಒರಗಿ ನಿಲ್ಲಬೇಕಾಗಬಹುದು. ಎಲ್ಲ ವಿಚಾರ ಮಾಡಿದೆ. ನಿನ್ನೆಯಿಂದ ಒಂದು ಹಿಟ್ಟೂ ಸರಿಯಾಗಿ ಬಿದ್ದಿಲ್ಲ.

ಕೈ ಅಭ್ಯಾಸದಂತೆ ಮೊದಲು ಒಲ್ಲೆ ಎಂದೇ ಬರೆದಿದ್ದೆ. ಆ ಹಾಳೆ ಹರಿದು ಒಲೆಗೆ ಹಾಕಿದೆ. ಪಟ್ಟಾ ಕಳಚಿ, ಗಿರಣಿ ನಿಲ್ಲಿಸಿ, ಹಿಟ್ಟಿಗೆ ಇವತ್ತು ಮತ್ತೆ ಬಂದ ಆ ನಾಲ್ಕು ಹೆಂಗಸರ ಮುಂದೆ ಬಾಯಿ ಬಿಟ್ಟು ಹೇಳಿ ನೋಡಿದೆ. ಒಬ್ಬಳೂ ನಗಲಿಲ್ಲ. "ಹಂಗಾರ ನಿಂದರ್ರಿ, ಅದಕ್ಯಾಕ ಅಳತೀರಿ" ಎಂದು ಬುಟ್ಟಿ ಹೊತ್ತುಕೊಂಡು ಹೋದರು.

ನಿಮಗೂ ಆ ಕುರ್ಚಿ ಬೇಕಿದ್ದರೆ ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಬೇಡಿ. ಬೇಕೆಂದು ಹೇಳಿ ಅರ್ಜಿ ಹಾಕಿ, ಎದುರುಬದುರು ನಿಂತೇ ಆಡೋಣ. ಯಾರು ಗೆದ್ದರೂ ಮೇಲವಂಕಿಯ ಕಟ್ಟೆಯ ಮೇಲೆ ಬೈಸಿಕೊಳ್ಳಲು ಇಬ್ಬರೂ ಹೋಗೋಣ.

ಪಂಚಮಿಗೆ ಬೆಳಗಿನ ಬಸ್ಸಿಗೆ ಬರುತ್ತೇನೆ. ತುಪ್ಪ ಎಷ್ಟು ಸುರಿದರೂ ಈ ಸಲ ತಾಟಿಗೆ ಕೈ ಅಡ್ಡ ಹಿಡಿಯುವುದಿಲ್ಲವೆಂದು ವೈನಿಗೆ ಹೇಳಿ. ಅರ್ಜಿಯ ಹಾಳೆ ತಂದಿಡಿ. ಸೂಚಕರ ಜಾಗ ಖಾಲಿ ಇರಲಿ, ನಿಮಗೆ ಮನಸ್ಸಿದ್ದರೆ ನನ್ನೆದುರಿಗೇ ಸಹಿ ಹಾಕಿ.

ನೀವು ಕೇಳಿದ್ದಕ್ಕೆ ಉತ್ತರ: ನನಗೆ ಬೇಕು.

ನಿಮ್ಮ ತಂಗಿ,
ದ್ರಾಕ್ಷಾಯಿಣಿ